ದಪ್ಪ ಗುಂಡಿನ ಪಕ್ಷದ ನಾಯಕರು

"ಸಣ್ಣ ಗುಂಡು ಹೊಡೆದ್ರೆ ಕಳ್ಳ ಸೊಳ್ಳೆ ಕಚ್ತು ಅಂತ ಕೆರ್ಕೊಂಡು ಹೋಗ್ತಾನೆ ಕಣಮ್ಮ! ನಲವತ್ತೈದರ ದಪ್ಪ ಗುಂಡು ತಗೋ, ಹೋರಿನೂ ಕೂತ್ಕೊಂಡ್ಬಿಡತ್ತೆ."

ನಮ್ಮ ಓಕ್ಲಹೋಮಾದ ಗುರಿಮೈದಾನದಲ್ಲಿ ಮೂರು ದಶಕಗಳಿಗೂ ಮಿಕ್ಕಿ ಪಿಸ್ತೂಲು ಹಿಡಿಯುವುದನ್ನು ಕಲಿಸಿ, ಈಗ ನಿವೃತ್ತರಾಗುತ್ತಿರುವ ಶ್ರೀ ಎಲ್ಡನ್ ಪ್ರೂಯಿಟ್ ಅವರು ನನಗೆ ಆಡಿದ ಮೊದಲ ಮಾತಿದು. ಆತ್ಮರಕ್ಷಣೆಗೆ ಗುಂಡಿನ ದಪ್ಪ ಮುಖ್ಯವೋ, ಅದು ಬೀಳುವ ಜಾಗ ಮುಖ್ಯವೋ ಎಂಬ ವಾದ ನಮ್ಮೂರಿನಲ್ಲಿ ಫುಟ್‌ಬಾಲಿಗಿಂತ ಜೋರು. ದಪ್ಪದ ಪಕ್ಷಕ್ಕೆ ಅವರೇ ನಾಯಕರು.

ಆಗ ನನ್ನ ಮನೆಗೆ ಕಳ್ಳ ನುಗ್ಗಿ ಹೋಗಿದ್ದ. ಶಾಲಾ ಬಸ್ಸು ಓಡಿಸುವ ನಾನು ರಾತ್ರಿಯೆಲ್ಲ ಬಾಗಿಲಿಗೆ ಕುರ್ಚಿ ಒತ್ತಿಟ್ಟು ಕೂರುತ್ತಿದ್ದೆ. ಅವರು ಸ್ಕ್ರೂಡ್ರೈವರ್ ಹಿಡಿದು ಬಂದು ಮೊದಲು ನನ್ನ ಬಾಗಿಲಿನ ಚಿಲಕ ಬಿಗಿ ಮಾಡಿದರು. ಒಳಗಿನಿಂದ ಬಾಗಿಲು ಹಾಕಿಕೊಂಡು ಪೊಲೀಸರಿಗೆ ಫೋನ್ ಮಾಡುವುದೇ ಮೊದಲ ಪಾಠವೆಂದರು. ಮೈದಾನದಲ್ಲಿ ದೊಡ್ಡ ಪಿಸ್ತೂಲು ನನ್ನ ಮಣಿಕಟ್ಟನ್ನು ಕುಲುಕಿದಾಗ, ಒಂಬತ್ತು ಮಿಲಿಮೀಟರಿನ ಸಣ್ಣದನ್ನು ಕೈಗಿಟ್ಟು, "ನಿನಗೊಬ್ಳಿಗೇ ವಿನಾಯ್ತಿ, ಯಾರಿಗೂ ಹೇಳ್ಬೇಡ" ಎಂದು ಪಿಸುಗುಟ್ಟಿದರು. ಈ ವಿನಾಯಿತಿಯನ್ನು ಅವರು ಹೆಚ್ಚುಕಡಿಮೆ ಎಲ್ಲ ಶಿಷ್ಯರಿಗೂ ಗುಟ್ಟಾಗಿ ಕೊಟ್ಟಿದ್ದರೆಂದು ನನಗೆ ತಿಳಿದದ್ದು ಅವರ ಈ ಅಭಿನಂದನಾ ಸಂಪುಟಕ್ಕೆ ಲೇಖನ ಕೇಳಲು ಹೊರಟಾಗ!

ಅವರದೊಂದು ಹಳೆಯ ಆಟವಿದೆ. ನಮಗೆ ತಿಳಿಯದಂತೆ ನಿಜವಾದ ಗುಂಡುಗಳ ನಡುವೆ ಸಿಡಿಯದ ಒಂದು ಸುಳ್ಳು ಗುಂಡು ತುಂಬಿಸುತ್ತಾರೆ. ಸದ್ದಿಗೆ ಹೆದರಿ ಕೈ ಮೊದಲೇ ಬಾಗುವುದಿದ್ದರೆ, ಸದ್ದೇ ಬಾರದ ಆ ಗಳಿಗೆಯಲ್ಲಿ ಅದು ಊರಿಗೆಲ್ಲ ಕಾಣುತ್ತದೆ.

ಕಳೆದ ವಸಂತದಲ್ಲಿ, ಮಣಿಕಟ್ಟಿನ ಶಸ್ತ್ರಚಿಕಿತ್ಸೆಯ ನಂತರ, ಅವರು ಶಿಕ್ಷಕರ ವಾರ್ಷಿಕ ಪರೀಕ್ಷೆಗೆ ನಿಂತರು. ಎಲ್ಲ ಗುಂಡುಗಳೂ ಗುರಿಹಲಗೆಗೆ ಸಿಕ್ಕಿಸಿದ ಊಟದ ಕಾಗದದ ತಟ್ಟೆಯೊಳಗೆ ಬೀಳಬೇಕು. ಇಲ್ಲವಾದರೆ ಬೀಳ್ಕೊಡುಗೆಯ ಕೊನೆಯ ತರಗತಿ ಅವರಿಗಿಲ್ಲ. ಇಷ್ಟು ವರ್ಷ ಗಂಡನ ಪಾಠವನ್ನು ಗೇಲಿ ಮಾಡುತ್ತಲೇ ಬಂದ ಅವರ ಪತ್ನಿ ವಿಲ್ಮಾ ಆ ತರಗತಿಗೇ ಶಿಷ್ಯೆಯಾಗಿ ಹೆಸರು ಬರೆಸಿದ್ದರು. ಮೊದಲ ಯತ್ನದಲ್ಲಿ ನಲವತ್ತೈದರ ಗುಂಡುಗಳು ತಟ್ಟೆಯ ಕೆಳಗಿನ ಮಣ್ಣು ಎಬ್ಬಿಸಿದವು. "ಗಾಳಿ" ಎಂದರು ಅವರು. ಎಲೆಯೂ ಅಲ್ಲಾಡುತ್ತಿರಲಿಲ್ಲ. ಉಳಿದದ್ದು ಒಂದೇ ಯತ್ನ. ಅದಕ್ಕೆ ಮುಂಚಿನ ಅಭ್ಯಾಸದಲ್ಲಿ, ಈಗ ಅವರಿಗೆ ಸಹಾಯಕಿಯಾಗಿರುವ ನಾನು ಅವರ ಪಿಸ್ತೂಲಿನ ಮ್ಯಾಗಜೀನಿಗೆ ಸುಳ್ಳು ಗುಂಡೊಂದನ್ನು ಸೇರಿಸಿದೆ.

ಟಕ್. ನಳಿಗೆ ನೆಲಕ್ಕೆ ಬಾಗಿತು.

"ಏನ್ರೀ, ನಿಮ್ ಫಿರಂಗಿ ಬಿದ್ದೋದ ಚಿಲ್ಲರೆ ಹುಡುಕ್ತಿದ್ಯಾ?" ಎಂದರು ವಿಲ್ಮಾ.

"ರೊಂಡಾ! ನನ್ನ ಆಟಾನ ನನ್ ಮೇಲೇ ಆಡ್ತೀಯಾ?" ಎಂದು ಎಲ್ಡನ್ ನನ್ನತ್ತ ತಿರುಗಿದರು.

"ಕಲಿಸ್ದೋರು ನೀವೇ ಅಲ್ವಾ ಸರ್."

ಅವರ ಮುಖ ಕೆಂಪೇರಿತು. ಆಮೇಲೆ ಮೈದಾನವೆಲ್ಲ ಕೇಳುವಂತೆ ನಕ್ಕು ಕೈಚಾಚಿದರು. "ಕೊಡು ಆ ಸೊಳ್ಳೆನ."

ಕೊನೆಯ ಯತ್ನದಲ್ಲಿ ಆ ಒಂಬತ್ತು ಮಿಲಿಮೀಟರಿನ ಗುಂಡು ಒಂದೂ ತಟ್ಟೆ ಬಿಟ್ಟು ಹೋಗಲಿಲ್ಲ. "ಕೇಳ್ರಪ್ಪಾ," ಎಂದರು ಎಲ್ಲರಿಗೂ, "ನೆಲಕ್ಕೆ ಬಿದ್ದ ದಪ್ಪ ಗುಂಡಿಗೆ ಎರೆಹುಳ ಹೆದರತ್ತೆ, ಅಷ್ಟೇ!"

ಆಯುಷ್ಯವೆಲ್ಲ ಹಿಡಿದ ವಾದವನ್ನು ಎಲ್ಲರೆದುರು ನಗುತ್ತ ಕೆಳಗಿಡಬಲ್ಲ ಈ ಹಿರಿಯರು ನೂರು ಶರತ್ಕಾಲ ಕಾಣಲಿ. ಬೆಂಚಿನಲ್ಲಿ ಕುಳಿತೇ ನಮ್ಮ ಕೈಗಳನ್ನು ತಿದ್ದುತ್ತಿರಲಿ.

ಕೊನೆಯ ತರಗತಿ ಮುಗಿದಾಗ ವಿಲ್ಮಾ ಗುರಿಹಲಗೆಯಿಂದ ತಮ್ಮ ತಟ್ಟೆಯನ್ನು ಕಿತ್ತು ತಂದರು.

"ನನ್ನವೆಲ್ಲಾ ನಡುಮಧ್ಯ. ಅವತ್ತು ನಿಮ್ಮವು?"

"ಒಂದೆರಡು ಅಂಚಲ್ಲಿತ್ತು ಮಾರಾಯ್ತಿ, ತಿನ್ನೋಕೆ ಪೈ ಕೊಡು."

ವಿಲ್ಮಾ ಅದೇ ತಟ್ಟೆಗೆ ಚೆರ್ರಿ ಹಣ್ಣು ತುಂಬಿದ ಸಿಹಿ ಪೈ ಬಡಿಸಿದರು. ಕೆಂಪು ರಸ ತೂತುಗಳಿಂದ ಇಳಿದು ಎಲ್ಡನ್ ಅವರ ಹೊಸ ಬೂಟಿನ ಮೇಲೆ ತೊಟ್ಟಿಕ್ಕಿತು.