ಸುಗರಾಬಿಯ ಹಗಲಿನ ಮಕ್ಕಳು

ಮೊರಬದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕೂಲಿಯವರನ್ನು ಹೊಲಕ್ಕೆ ಒಯ್ಯುವ ಟ್ರ್ಯಾಕ್ಟರು ಆಗಲೇ ಹಾರ್ನ್ ಹೊಡೆಯುತ್ತಿದೆ. ಸುಗರಾಬಿ ಪಡಸಾಲೆಯಲ್ಲಿ ಒಂದು ಕೌದಿ ಹಾಸಿ, ಇನ್ನೊಂದನ್ನು ಸುತ್ತಿ ಗೋಡೆಗೆ ಒತ್ತಿಡುತ್ತಾರೆ. ಒಂಬತ್ತು ವರ್ಷದ ದುರ್ಗಾ ಒರಗುವುದು ಅದಕ್ಕೆ. ಅವಳಿಗೆ ಕುತ್ತಿಗೆ ನಿಲ್ಲುವುದಿಲ್ಲ, ಮಾತು ಬಂದಿಲ್ಲ. ತಾಯಿ ಮಹಾನಂದಾ ಮಗಳನ್ನು ಎತ್ತಿಕೊಂಡು ಬಂದು ಕೂರಿಸಿ, ಸೆರಗಿನಿಂದ ಬಾಯಿ ಒರೆಸಿ, ಟ್ರ್ಯಾಕ್ಟರ್ ಹತ್ತಲು ಓಡುತ್ತಾರೆ.

ಹೀಗೆ ನಾಲ್ಕು ಮಕ್ಕಳು ಬರುತ್ತಾರೆ. ಒಬ್ಬರಿಗೂ ತಾವಾಗಿ ಎದ್ದು ನಡೆಯಲು ಬಾರದು. ಅವರಿಗೆ ಉಣಿಸುವುದು, ತೊಳೆಯುವುದು, ಮಗ್ಗಲು ಬದಲಿಸುವುದು ಸಂಜೆಯವರೆಗೂ ಸುಗರಾಬಿಯ ಕೆಲಸ. ತಾಯಂದಿರು ಅಷ್ಟು ಹೊತ್ತು ದುಡಿಯುತ್ತಾರೆ, ಒಮ್ಮೊಮ್ಮೆ ಸುಮ್ಮನೆ ಮಲಗಿ ನಿದ್ದೆ ಮಾಡುತ್ತಾರೆ.

"ನನ್ನ ತಮ್ಮ ನಿಯಾಜ್ ಹಿಂಗ ಇದ್ದನ್ರಿ. ಅವ ಇರೂತನಾ ನಮ್ಮವ್ವ ಒಂದು ಮದವಿಗೆ ಹೋಗಲಿಲ್ಲ, ತವರಮನಿ ಬಾಗಲಾ ನೋಡಲಿಲ್ಲ. ಒಂದಿನಾ ಯಾರರ ಹುಡುಗನ್ನ ನೋಡಕೊಂಡಿದ್ರ ಸಾಕಿತ್ತು" ಎನ್ನುತ್ತಾರೆ ಸುಗರಾಬಿ. ತಮ್ಮ ತೀರಿಕೊಂಡ ಮೇಲೆ ನವಲಗುಂದದ ಶಿಬಿರವೊಂದರಲ್ಲಿ ಇಂಥ ಮಕ್ಕಳಿಗೆ ನೆತ್ತಿಗೇರದ ಹಾಗೆ ಉಣಿಸುವುದನ್ನು ಅವರು ಕಲಿತರು.

ಕಳೆದ ವರ್ಷ ಒಂದು ದಿನ ಮಳೆ ಬಂದು ಕೆಲಸ ನಿಂತಿತು. ಮಹಾನಂದಾ ಮಧ್ಯಾಹ್ನವೇ ಮಗಳನ್ನು ಕರೆದೊಯ್ಯಲು ಬಂದರು. ಒಳಗಿನಿಂದ ನಗು ಕೇಳಿಸಿತು. ಸುಗರಾಬಿ ಸುಳ್ಳೇ ಸೀನುತ್ತಿದ್ದರು, ದುರ್ಗಾ ಕೇಕೆ ಹಾಕಿ ನಗುತ್ತಿದ್ದಳು. ಹೆತ್ತವಳು ಆ ನಗುವನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಮಗಳನ್ನು ಎತ್ತಿಕೊಂಡು ಹೋದವರು ಮರುದಿನ ಬರಲಿಲ್ಲ. ನನ್ನ ಮಗಳನ್ನ ಕಸಗೊಂಡ್ಲು ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದರು. ಕೂಲಿ ಬಿಟ್ಟು ಮನೆಯಲ್ಲಿ ಕುಳಿತರು.

"ನಾನೂ ಸುಳ್ಳ ಸೀನಿದ್ನಿರಿ. ಸುಮ್ನ ನನ್ನ ಮಾರಿ ನೋಡಿದ್ಲು. ಅಗದಿ ಹೊಟ್ಟಿ ಉರೀತು" ಎಂದು ಮಹಾನಂದಾ ಈಗ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ವಾರ ಕಳೆದ ಮೇಲೆ ಸುಗರಾಬಿಯೇ ಅವರ ಮನೆಗೆ ಹೋದರು. ಒಳಗೆ ಕರೆಯುವವರಿಲ್ಲ. ಹೊಸ್ತಿಲ ಮೇಲೆ ಕುಳಿತರು.

"ಯಾಕ ಹುಡುಗಿನ್ನ ಕಳಸವಲ್ಲಿ, ತಂಗಿ?"

"ನೀವು ಆಕಿನ್ನ ನಗಸತೀರಿ. ನಾ ಬರೇ ತೊಳ್ಯಾಕಿ, ಎತ್ತಾಕಿ. ನನಗ ನಿಮ್ಮನ್ನ ನೋಡಿದ್ರ ತಡಕೊಳ್ಳಾಕ ಆಗೂದಿಲ್ಲಕ್ಕ."

ಸುಗರಾಬಿ ಹೇಳಿದರು: "ನನಗೂ ನಿನ್ನ ನೋಡಿದ್ರ ಹಂಗ ಆಗತೈತಿ. ಹಗಲೆಲ್ಲಾ ನಾ ಆಡಸತೇನಿ. ಸಂಜೀಕೆ ನಿನ್ನ ಚಪ್ಪಲಿ ಸಪ್ಪಳಾದ್ರ ಸಾಕು, ನನ್ನ ಕಡೆ ಹೊಳ್ಳಿ ನೋಡೂದಿಲ್ಲ. ನೀ ಹೊತಗೊಂಡು ಹೋದ ಮ್ಯಾಲೆ ನಾ ಕೌದಿ ಝಾಡಿಸಿ ಬಾಗಲಾ ಹಾಕೋತೇನಿ. ಆಗ ನನ್ನ ಹೊಟ್ಟಿ ಉರಿಯೂದಿಲ್ಲನು?"

ಮಗಳು ತನ್ನ ಹೆಜ್ಜೆಯ ಸದ್ದನ್ನು ಗುರುತಿಸುತ್ತಾಳೆ ಎಂಬುದು ಮಹಾನಂದಾಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಚಹಾ ಇಟ್ಟರು. ಮರುದಿನ ದುರ್ಗಾ ಮತ್ತೆ ಪಡಸಾಲೆಗೆ ಬಂದಳು.

ಹೊಟ್ಟೆಕಿಚ್ಚು ಆರಿತು ಎಂದು ಇಬ್ಬರೂ ಹೇಳುವುದಿಲ್ಲ. ಸಂಜೆ ಮಗಳನ್ನು ಒಯ್ಯುವಾಗ ಮಹಾನಂದಾ ಮೊದಲು ಕೇಳುವುದು ಇವತ್ತು ನಕ್ಕಳೇ ಎಂದು. ನಕ್ಕಿದ್ದರೆ ಮುಖ ಅರಳುತ್ತದೆ, ತುಸು ಬಿಗಿಯುತ್ತದೆ ಕೂಡ.

ಈ ಬೇಸಿಗೆಯಲ್ಲಿ ಅಣ್ಣಿಗೇರಿಯಲ್ಲಿ ಮಹಾನಂದಾ ತಂಗಿಯ ಮದುವೆ. ದುರ್ಗಾ ಹುಟ್ಟಿದ ಮೇಲೆ ಮೊದಲ ಸಲ ತಾಯಿ ಅವಳನ್ನು ಬಿಟ್ಟು ಎರಡು ರಾತ್ರಿ ಹೊರಗೆ ಉಳಿದರು. ದುರ್ಗಾ ಸುಗರಾಬಿಯ ಮಗ್ಗುಲಲ್ಲಿ ಮಲಗಿದಳು, ಚೆನ್ನಾಗಿ ಉಂಡಳು, ಸುಗರಾಬಿಯ ಗಂಡ ಮೀರಾಸಾಬನ ಗೊರಕೆಗೆ ನಕ್ಕಳು. ಮೂರನೆಯ ದಿನ ಮಹಾನಂದಾ ಹೊಸ ಸೀರೆಯಲ್ಲಿ, ಕೈತುಂಬ ಹಸಿರು ಬಳೆ ತೊಟ್ಟು ಬಂದು ಕೈ ಚಾಚಿದರೆ, ದುರ್ಗಾ ಕಷ್ಟಪಟ್ಟು ತಲೆ ಹೊರಳಿಸಿ ಗೋಡೆ ನೋಡಿದಳು. ತಾಯಿ ಎಷ್ಟು ಕರೆದರೂ ತಿರುಗಲಿಲ್ಲ. ಮಹಾನಂದಾ ಅಲ್ಲೇ ಕುಳಿತು ಅತ್ತರು. ಮಗಳು ತನ್ನನ್ನು ಮರೆತಳು ಎಂದುಕೊಂಡರು.

"ಮರತಿಲ್ಲ ಹುಚ್ಚಿ, ಸಿಟ್ಟಾಗ್ಯಾಳ" ಎಂದು ಸುಗರಾಬಿ ಸಮಾಧಾನ ಮಾಡಿದರು. ಅರ್ಧ ಗಂಟೆಯ ಬಳಿಕ ದುರ್ಗಾ ತಾಯಿಯ ತೊಡೆಯ ಮೇಲೆ ನಿದ್ದೆ ಹೋದಳು.

ಇದನ್ನು ಹೇಳುತ್ತ ಸುಗರಾಬಿ ದುರ್ಗಾಳ ಜೊಲ್ಲು ಒರೆಸುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಬಹಳ ಯೋಚಿಸುವುದಿಲ್ಲ.

"ನಾ ಧಾರವಾಡಕ್ಕ ಹೋಗಿ ಬಂದ್ರೂ ಈಕಿ ನನ್ನ ನೋಡಿ ನಗತಾಳ್ರಿ. ಸಿಟ್ಟು ಅವ್ವನ ಮ್ಯಾಲೆ ಅಷ್ಟ. ಒಂದಿನಾ ನನ್ನ ಮ್ಯಾಲೂ ಸಿಟ್ಟಾಗಿ ಮಾರಿ ತಿರಗಸಲಿ. ಅಷ್ಟಾದ್ರ ಸಾಕು."