ಗುಬ್ಬಿಯ ಸುಮಿತ್ರಕ್ಕ

ತಾನೇ ಬರೆದ ಆಪರೇಟಿಂಗ್ ಸಿಸ್ಟಮ್ಮಿಗೆ "ಇನ್ನು ಮಲಗು ಮಗಾ" ಎನ್ನುತ್ತ, ಲ್ಯಾಪ್‌ಟಾಪಿನ ಬಟನ್ನನ್ನು ಐದೆಣಿಸುವವರೆಗೆ ಒತ್ತಿ ಹಿಡಿಯುತ್ತಿದ್ದವರು ಸುಮಿತ್ರಕ್ಕ. ಅದಕ್ಕೆ ಅವರಿಟ್ಟ ಹೆಸರು ಗುಬ್ಬಿ. ಫೈಲು ತೆರೆಯಲು, ಅಕ್ಷರ ಮೂಡಿಸಲು ಗುಬ್ಬಿಗೆ ಬರುತ್ತಿತ್ತು. ತಾನಾಗಿ ಯಂತ್ರವನ್ನು ಆರಿಸಲು ಬರುತ್ತಿರಲಿಲ್ಲ. ಕೆಲಸವಿಲ್ಲದಾಗಲೂ ಪ್ರೊಸೆಸರ್ ಪೂರ್ತಿ ವೇಗದಲ್ಲಿ ಓಡಿ ಲ್ಯಾಪ್‌ಟಾಪು ಕಾವಲಿಯಂತೆ ಕಾಯುತ್ತಿತ್ತು. ಮಗುಚಿದ ಸ್ಟೀಲ್ ತಟ್ಟೆಯ ಮೇಲೆ ಅದನ್ನಿಟ್ಟು ಕೂರುತ್ತಿದ್ದರು.

ಕುಂಬಳೆ ಕಡೆಯವರು. ಕಳಮಶ್ಶೇರಿಯ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ. ಗುಬ್ಬಿ ಶನಿವಾರದ ಹುಚ್ಚು. ಮೆಟ್ರೋದಲ್ಲಿ ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ, "ಎಂಥ ಕೆಲಸ ನಿಂಗೆ ಇಲ್ಲಿ?" ಎಂದು ಮಾತಿಗೆಳೆದರು. ಐಟಿ ಪಾರ್ಕಿನಲ್ಲಿ ಪ್ರೋಗ್ರಾಮರ್ ಎಂದೆ. ಮುಂದಿನ ಶನಿವಾರದಿಂದ ಅವರ ಮನೆಯ ಊಟದ ಮೇಜೇ ನಮ್ಮ ಲ್ಯಾಬು.

ಯಂತ್ರವನ್ನು ಹೇಗೆ ಆರಿಸಬೇಕೆಂಬ ಸೂಚನೆಗಳು ಅದರೊಳಗೇ ಇರುತ್ತವೆ. ಅವನ್ನು ಓದಿ ನಡೆಸುವ ಪ್ರೋಗ್ರಾಮನ್ನು ನಾನೇ ಬರೆಯುತ್ತೇನೆಂದು ಹಟ ಹಿಡಿದು ಎರಡು ತಿಂಗಳು ಕಳೆದೆ. ಗುಬ್ಬಿ ಪ್ರತಿಸಲವೂ ಅರ್ಧದಲ್ಲೇ ನಿಂತುಬಿಡುತ್ತಿತ್ತು.

"ಅಲ್ಲ ಮಾರಾಯ್ತಿ, ಅಷ್ಟು ಜನ ಸೇರಿ ಇದನ್ನೇ ವರ್ಷಗಟ್ಟಲೆ ಬರೆದದ್ದು ಉಂಟಲ್ಲ! ಬೇಕಾದವರು ತಕೊಳ್ಳಲಿ ಅಂತ್ಲೇ ಇಟ್ಟದ್ದು. ತಕೊಳ್ಲಿಕ್ಕೆ ಎಂಥ ನಾಚಿಕೆ?" ಎಂದರು ಸುಮಿತ್ರಕ್ಕ.

ತೆಗೆದುಕೊಂಡೆವು. ಆ ಪ್ರೋಗ್ರಾಮಿಗೆ ಬೇಕಾದ ಮೆಮೊರಿ, ಗಡಿಯಾರ ಮೊದಲಾದುವನ್ನು ಗುಬ್ಬಿಯಿಂದ ಒದಗಿಸುವುದಷ್ಟೇ ನಮ್ಮ ಕೆಲಸ. ಆದರೂ ಸುಮಿತ್ರಕ್ಕ ಅದನ್ನು ಪ್ರಿಂಟ್ ಹಾಕಿ, ಪೆನ್ಸಿಲ್ ಹಿಡಿದು ಓದುತ್ತಿದ್ದರು. "ಅಬ್ಬಾ, ಇವ ಭಾರಿ ಹುಷಾರು!" ಎಂದು ಯಾವತ್ತೂ ಕಾಣದವನಿಗೆ ಶಹಬ್ಬಾಸ್ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಆಜ್ಞೆ ಟೈಪಿಸಿದ ಕೂಡಲೇ ಫ್ಯಾನು ನಿಂತು, ಪರದೆ ಕಪ್ಪಾಯಿತು. ಗುಬ್ಬಿ ತಾನೇ ಯಂತ್ರವನ್ನು ಆರಿಸಿತ್ತು. ಆಮೇಲೆ ಅವರು ನಕ್ಕಿದ್ದು ಪಕ್ಕದ ಫ್ಲ್ಯಾಟಿಗೂ ಕೇಳಿಸಿರಬೇಕು.

ತಿರುವನಂತಪುರದಲ್ಲಿ ಇಂಥ ಹವ್ಯಾಸಿಗಳ ಒಂದು ಸಭೆಯಿತ್ತು. ಗುಬ್ಬಿಯ ಬಗ್ಗೆ ನಾನು ಮಾತಾಡಬೇಕಿತ್ತು. ಬ್ಯಾಟರಿ ಎಷ್ಟು ಉಳಿದಿದೆಯೆಂದು ತೋರಿಸುವ ಭಾಗ ಬಾಕಿಯಿತ್ತು. ಅವಸರಕ್ಕೆ, ಯಾವುದೋ ದೇಶದ ವಿದ್ಯಾರ್ಥಿಯೊಬ್ಬ ಬರೆದದ್ದನ್ನು ಎತ್ತಿಕೊಂಡೆ. ಅವನ ಹೆಸರನ್ನು ಅಳಿಸಿ, ನಾನೇ ಬರೆದೆ ಎಂದು ಸುಮಿತ್ರಕ್ಕನಿಗೆ ಹೇಳಿದೆ.

ಸಭೆಗೆ ಹೋಗುವ ರೈಲಿನಲ್ಲಿ ಓದಲೆಂದು ಅವರು ಅದನ್ನೂ ಪ್ರಿಂಟ್ ಹಾಕಿ ತಂದಿದ್ದರು. ಆಲಪ್ಪುಳ ದಾಟುವಾಗ ಪೆನ್ಸಿಲ್ ನಿಂತಿತು.

"ಬ್ಯಾಟರಿ ಅಂತ ಬರೆದಲ್ಲೆಲ್ಲ ಒಂದು ‘ಟಿ’ ಕಮ್ಮಿ ಉಂಟು. ನೀನು ಸ್ಪೆಲ್ಲಿಂಗ್ ತಪ್ಪುವವಳಲ್ಲ. ಇದು ಯಾರದ್ದು, ನಜ್ಮಾ?"

ಯಾರೋ ವಿದ್ಯಾರ್ಥಿಯದ್ದು, ಹೆಸರು ಅಳಿಸಿದೆ ಎಂದು ಒಪ್ಪಿಕೊಂಡೆ. ಅವರು ಕಿಟಕಿಯ ಕಡೆ ತಿರುಗಿದರು. ಕೊಲ್ಲಂ ಬಂದಾಗ ಹಾಳೆಗಳನ್ನು ಮಡಚಿ ನನ್ನ ಮಡಿಲಲ್ಲಿಟ್ಟರು.

"ತಕೊಂಡದ್ದಕ್ಕೆ ಬೇಜಾರಿಲ್ಲ. ಅವ ಕೇಳಿದ್ದು ಒಂದೇ, ಹೆಸರು ಇರ್ಲಿ ಅಂತ. ಅಷ್ಟೂ ಕೊಡ್ಲಿಕ್ಕೆ ಆಗ್ಲಿಲ್ವಾ ನಿಂಗೆ?"

ರೈಲಿನಲ್ಲೇ ಲ್ಯಾಪ್‌ಟಾಪ್ ತೆರೆದು ಹೆಸರನ್ನು ಮರಳಿ ಸೇರಿಸಿದೆ. ವೇದಿಕೆಯ ಮೇಲೆ, ಈ ಭಾಗ ನನ್ನದಲ್ಲ, ನನ್ನದೆಂದು ಹೇಳಿಕೊಂಡಿದ್ದೆ ಎಂದೆ. ಚಪ್ಪಾಳೆ ಶುರುವಾದದ್ದು ಸುಮಿತ್ರಕ್ಕನ ಕುರ್ಚಿಯಿಂದ. ಆ ವಿಷಯವನ್ನು ಅವರು ಮತ್ತೆಂದೂ ಎತ್ತಲಿಲ್ಲ.

ಕಳೆದ ವರ್ಷ ಚಿಕಿತ್ಸೆಗೆಂದು ಅವರು ತಿರುವನಂತಪುರದ ತಂಪಾನೂರಿನ ಹತ್ತಿರ ಮಗಳ ಜೊತೆ ರೂಮು ಹಿಡಿದಿದ್ದರು. ಮುಚ್ಚಳ ಮುಚ್ಚಿದರೆ ಗುಬ್ಬಿ ನಿದ್ದೆಗೆ ಜಾರುವಂತೆ ಮಾಡಿದ್ದೆ, ತೋರಿಸಲು ಒಯ್ದೆ. ಲ್ಯಾಪ್‌ಟಾಪನ್ನು ಬ್ಯಾಗಿನಿಂದ ತೆಗೆಯಲೂ ಬಿಡಲಿಲ್ಲ.

"ಅದು ಇರ್ಲಿ. ನಾಲ್ಕು ವರ್ಷ ಆಯ್ತು, ನಿನ್ನ ಮನೆ ಕಥೆ ಒಂದೂ ಗೊತ್ತಿಲ್ಲ ನಂಗೆ. ಹೇಳು."

ಹಾಸನದ ಮನೆ, ಅಬ್ಬ ಇಲ್ಲವಾದ ವರ್ಷ, ನಾನು ತಪ್ಪಿಸಿಕೊಂಡ ಮದುವೆ, ಎಲ್ಲವನ್ನೂ ಹೇಳಿದೆ. ದಿಂಬಿಗೊರಗಿ ಕೇಳಿದರು. ಬಸ್ಸು ಹತ್ತಿದ ಮೇಲೆ ಹೊಳೆಯಿತು, ಅವರದ್ದು ನಾನೊಂದೂ ಕೇಳಿರಲಿಲ್ಲ. ಮುಂದಿನ ಶನಿವಾರ ಕೇಳೋಣವೆಂದುಕೊಂಡೆ.

ಶುಕ್ರವಾರ ಮಗಳು ಫೋನ್ ಮಾಡಿದಳು. "ಅಮ್ಮ ಪೋಯಿ, ಚೇಚಿ." ಅಮ್ಮ ಹೋದರು, ಅಕ್ಕಾ.