ಹಸಿರು ಬಣ್ಣದ ಕೆಳಗೆ

ಕಳೆದ ತಿಂಗಳು ಮನೆಯ ಕಿಟಕಿ ಸರಳುಗಳಿಗೆ ಬಣ್ಣ ಹೊಡೆಸಿದೆ. ಪೇಂಟರು ಡಬ್ಬಿಯ ಮುಚ್ಚಳವನ್ನು ಮೀಟಿ ತೆಗೆದದ್ದೇ ತಡ, ಎನಾಮಲ್ ಬಣ್ಣದ ವಾಸನೆ ಸಾಗರದ ಈ ಪುಟ್ಟ ಮನೆಯ ತುಂಬ ಹರಡಿತು. ಬೇರೆಯವರಿಗೆ ಆ ವಾಸನೆಯಿಂದ ತಲೆನೋವು ಬರುತ್ತದಂತೆ. ನನಗೆ ಸಿಟ್ಟು ಬರುತ್ತದೆ. ನಲವತ್ತು ವರ್ಷ ದಾಟಿದರೂ ಆರದ ಸಿಟ್ಟು... ಪಾಪ, ಪೇಂಟರು ತಮ್ಮದೇ ತಪ್ಪೆಂದುಕೊಂಡು ಡಬ್ಬಿಯನ್ನು ಹೊರಗಿಟ್ಟರು.

ಎಪ್ಪತ್ತರ ದಶಕದ ಕೊನೆ. ಕೋಣಂದೂರಿನಿಂದ ಒಳಗೆ ಒಂದು ಹಳ್ಳಿಗೆ ನನ್ನನ್ನು ನರ್ಸ್ ಆಗಿ ಹಾಕಿದ್ದರು. ಬಾಣಂತಿ, ಬಸುರಿಯರನ್ನು ನೋಡಲು ಗುಡ್ಡ ಹತ್ತಿ ಇಳಿದು ದಿನಕ್ಕೆ ಎಂಟು ಹತ್ತು ಮೈಲಿ ನಡೆಯುತ್ತಿದ್ದೆ. ಸಂತೆಯ ದಿನ ಔಷಧಿ ಪೆಟ್ಟಿಗೆ ತರಲು ಕೋಣಂದೂರಿಗೆ ಬಂದರೆ, ಬಸ್ಸು ನಿಲ್ಲುವಲ್ಲಿದ್ದ ಸೈಕಲ್ ಶಾಪಿನ ಬೆಂಚಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದೆ. ಆ ಶಾಪಿನವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಗ್ರೀಸು ಮೆತ್ತಿದ ಕೈಯನ್ನು ತಲೆಗೇ ಒರೆಸಿಕೊಳ್ಳುತ್ತಿದ್ದರು. ಅದಕ್ಕೇ ಇವರ ಕೂದಲು ಇನ್ನೂ ಕಪ್ಪಗಿರುವುದು ಎಂದು ಅವರ ಹೆಂಡತಿ ಚುಡಾಯಿಸುತ್ತಿದ್ದರು.

ಶಾಪಿನ ಗೋಡೆಯಲ್ಲಿ ಒಂದು ಬರೀ ಫ್ರೇಮು ನೇತಾಡುತ್ತಿತ್ತು. ಚಕ್ರವಿಲ್ಲ, ಹ್ಯಾಂಡಲ್ಲಿಲ್ಲ, ಮೈತುಂಬ ತುಕ್ಕು. ಹೆಂಗಸರ ಸೈಕಲ್ಲಿನದು. ಯಾರೋ ಎಸ್ಟೇಟಿನವರು ಮಗಳಿಗೆಂದು ತರಿಸಿ, ಅವಳ ಮದುವೆಯಾದ ಮೇಲೆ ಬಿಟ್ಟುಹೋದದ್ದಂತೆ. ಒಂದು ದಿನ ಅದನ್ನು ಕೆಳಗಿಳಿಸಿ ನನ್ನ ಮುಂದಿಟ್ಟರು.

"ಎಂತಕ್ಕೆ ಹೀಗೆ ನಡ್ದು ನಡ್ದು ಸಾಯ್ತೀರಿ ನರ್ಸಮ್ಮ? ಈ ಊರಲ್ಲಿ ಇದಕ್ಕೆ ನಿಮ್ಮನ್ನ ಬಿಟ್ರೆ ಗಿರಾಕಿ ಇಲ್ಲ. ಒಂದೊಂದೇ ಸಾಮಾನು ತಂದು ಕಟ್ಟೋಣ."

ಆದರೆ ಅವರದೊಂದು ಕಟ್ಟುಪಾಡು ಇತ್ತು. ಫ್ರೇಮಿನಿಂದ ಸೈಕಲ್ ಕಟ್ಟಿಸುವವರು ಪಕ್ಕದಲ್ಲಿ ಕೂತು ತಮ್ಮ ಕೈಯಾರೆ ಕೆಲಸ ಮಾಡಲೇಬೇಕು. ಕಾಡಿನ ನಡುವೆ ಕೆಟ್ಟು ನಿಂತರೆ ಸರಿಮಾಡಲು ತಾವು ಬರಲಾಗುತ್ತದೆಯೇ ಎಂಬುದು ಅವರ ವಾದ. ಮುಂದಿನ ಸಂತೆಗೆ ಬಂದು ಉಪ್ಪುಕಾಗದ ಹಿಡಿದು ಫ್ರೇಮಿನ ತುಕ್ಕು ತೆಗೆಯುವುದು ನನ್ನ ಮೊದಲ ಪಾಠ ಎಂದು ನಿಗದಿಯಾಯಿತು.

ಮುಂದಿನ ಸಂತೆಗೆ ಹೋದರೆ ಫ್ರೇಮು ಆಗಲೇ ಹಸಿರು ಬಣ್ಣ ಬಳಿಸಿಕೊಂಡು ಒಣಗುತ್ತಿತ್ತು. ಶಾಪಿನ ತುಂಬ ಎನಾಮಲ್ ವಾಸನೆ. ನನ್ನ ಪಾಠ ಏನಾಯಿತು ಎಂದೆ. ಸೂಜಿ ಚುಚ್ಚುವ ಕೈಗೆ ಬೊಬ್ಬೆ ಏಳುವುದು ಬೇಡವೆಂದು ತಾವೇ ಮುಗಿಸಿದ್ದಾಗಿ ಹೇಳಿದರು. ನನ್ನ ಒಡಹುಟ್ಟಿದವರು ಕೂಡ ನನ್ನ ಕೈಯ ಬಗ್ಗೆ ಅಷ್ಟು ಯೋಚಿಸಿದವರಲ್ಲ. ನನಗೆ ಕಣ್ಣು ತುಂಬಿ ಬಂತು. ಹುಚ್ಚು ಹುಡುಗಿ ನಾನು!

ಆಮೇಲಿನ ಕೆಲಸವನ್ನೆಲ್ಲ ನನ್ನ ಕೈಯಲ್ಲೇ ಮಾಡಿಸಿದರು. ಚಕ್ರದ ನಡುವಿನ ಹಬ್ಬಿನೊಳಗೆ ಗ್ರೀಸು ತುಂಬಿ ಬಾಲ್ಸ್ ಕೂರಿಸಿದೆ. ಕಡ್ಡಿ ಹೆಣೆದೆ, ತಪ್ಪಿದ್ದಕ್ಕೆ ಮೂರು ಸಲ ಬಿಚ್ಚಿಸಿ ಮತ್ತೆ ಹೆಣೆಸಿದರು. ಚಕ್ರವನ್ನು ತಿರುಗಿಸಿ, ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದು, ಗುರುತು ಬಿದ್ದಲ್ಲಿ ಕಡ್ಡಿ ಬಿಗಿದು ಬೆಂಡು ತೆಗೆಯುವುದನ್ನು ಕಲಿತೆ. ನಮ್ಮ ಏರುಗಳಿಗೆ ಇರಲಿ ಎಂದು ಹಿಂದಿನ ಚಕ್ರಕ್ಕೆ ಹಲ್ಲು ಹೆಚ್ಚಿರುವ ಫ್ರೀವೀಲನ್ನು ಶಿವಮೊಗ್ಗದಿಂದ ತರಿಸಿದರು. ಆ ಹೊತ್ತಿಗೆ ನಾನು ಅವರಿಗೆ 'ತಂಗಿ' ಆಗಿದ್ದೆ, ಅವರು ನನಗೆ 'ಅಣ್ಣ'. ಅವರ ಬಾಯಲ್ಲಿ ನೀವು ಹೋಗಿ ನೀನು ಬಂದಿತ್ತು.

ಶಾಲೆಯ ಬಯಲಿನಲ್ಲಿ ಅವರ ಹೆಂಡತಿ ಕ್ಯಾರಿಯರ್ ಹಿಡಿದು ನನ್ನ ಹಿಂದೆ ಓಡಿದರು. ಅಣ್ಣ ದೂರ ನಿಂತು ಹಿಂದಿನ ಬ್ರೇಕು, ಹಿಂದಿನ ಬ್ರೇಕು ಎನ್ನುತ್ತಿದ್ದರು. ಹದಿನೈದು ದಿನದಲ್ಲಿ ನಾನೊಬ್ಬಳೇ ಊರಾಚೆಯ ಇಳಿಜಾರನ್ನು ಕಾಲು ನೆಲಕ್ಕೂರದೆ ಇಳಿದೆ. ಇಷ್ಟು ನೀಟಾಗಿ ಇಳಿಯುವ ಗಂಡಸರು ಕೋಣಂದೂರಿನಲ್ಲೇ ಇಲ್ಲ ಎಂದು ಅವರು ಹೆಂಡತಿಯ ಹತ್ತಿರ ಹೇಳಿದರಂತೆ. ಎರಡು ವರ್ಷ... ಆ ಎರಡು ವರ್ಷ ನಾನು 'ಸೈಕಲ್ ನರ್ಸಮ್ಮ'. ಹಿಂದೆ ತಡವಾಗಿ ತಲುಪುತ್ತಿದ್ದ ಮನೆಗಳಿಗೆ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ಹೆಮ್ಮೆಪಟ್ಟ ಕಾಲ ಇನ್ನೊಂದಿಲ್ಲ.

ಒಂದು ಬೆಳಿಗ್ಗೆ ಗುಡ್ಡದಾಚೆಯ ಮನೆಯೊಂದರಿಂದ ಕರೆ ಬಂತು. ಚೊಚ್ಚಲ ಹೆರಿಗೆ, ನೋವು ಶುರುವಾಗಿ ಬಹಳ ಹೊತ್ತಾಗಿದೆ ಎಂದರು. ಪೆಟ್ಟಿಗೆ ಕಟ್ಟಿಕೊಂಡು ಹೊರಟೆ. ದಿನಾ ಇಳಿಯುವ ಇಳಿಜಾರೇ. ಅರ್ಧ ಇಳಿದಿದ್ದೆ, ಹ್ಯಾಂಡಲ್ಲಿನ ಬುಡದಲ್ಲಿ ಫ್ರೇಮಿನ ಪೈಪು ಫಟ್ಟೆಂದು ಮುರಿಯಿತು. ನಾನೊಂದು ಕಡೆ, ಮುಂದಿನ ಚಕ್ರ ಇನ್ನೊಂದು ಕಡೆ. ಬಲಗೈ ಮಣಿಕಟ್ಟು ಮುರಿದಿತ್ತು, ಏಳಲು ಆಗಲಿಲ್ಲ. ಬಿದ್ದಲ್ಲಿಂದಲೇ ಮುರಿದ ಪೈಪಿನ ಬಾಯಿ ಕಾಣುತ್ತಿತ್ತು. ಅರ್ಧ ಭಾಗ ಬೆಳ್ಳಗೆ ಹೊಳೆಯುತ್ತಿತ್ತು, ಆಗಷ್ಟೇ ಮುರಿದದ್ದು. ಉಳಿದರ್ಧ ಹಳೇ ತುಕ್ಕು, ಎಂದೋ ಬಿಟ್ಟ ಬಿರುಕು. ಅದರ ಅಂಚಿನಲ್ಲಿ ಹಿತ್ತಾಳೆ ಬೆಸುಗೆಯ ಹಳದಿ ಗೆರೆ, ಅದರ ಮೇಲೆ ಹಸಿರು ಬಣ್ಣ.

ಉಪ್ಪುಕಾಗದ ನನ್ನ ಕೈಗೆ ಬರದಿದ್ದುದು ಏಕೆಂದು ಆಗ ಗೊತ್ತಾಯಿತು.

ಆ ದಾರಿಯಲ್ಲಿ ಬಂದ ಗಾಡಿಯವನು ಸೈಕಲ್ಲನ್ನು ಶಾಪಿನ ಮುಂದೆ ಇಳಿಸಿ, ನನ್ನನ್ನು ತೀರ್ಥಹಳ್ಳಿಯ ಬಸ್ಸಿಗೆ ಹತ್ತಿಸಿದ. ಕೈಗೆ ಪಟ್ಟಿ ಹಾಕಿಸಿಕೊಂಡು ಮೂರು ದಿನ ಬಿಟ್ಟು ಬಂದಾಗ ವಿಷಯ ತಿಳಿಯಿತು. ತಾಯಿ ಉಳಿದಿದ್ದಳು, ಮಗು ಉಳಿದಿರಲಿಲ್ಲ. ನಾನು ಹೋಗಿದ್ದರೆ ಉಳಿಯುತ್ತಿತ್ತೋ ಏನೋ... ಇವತ್ತಿಗೂ ನನಗೆ ಗೊತ್ತಿಲ್ಲ.

ಬಸ್ಸಿಳಿದಾಗ ಶಾಪಿನ ಮುಂದೆ ನಾಲ್ಕೈದು ಜನ ಇದ್ದರು. ಮಗುವಿನ ತಂದೆಯೂ ಇದ್ದ. ಸೈಕಲ್ ಮುರಿದದ್ದು ಹೇಗೆಂದು ಯಾರೋ ಕೇಳಿದರು. ಅಣ್ಣ ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ನಾನು ಬಂದದ್ದನ್ನು ಅವರು ಕಂಡರು. ಕಂಡ ಮೇಲೆಯೇ ಮಾತಾಡಿದರು.

"ಇಳಿಜಾರಲ್ಲಿ ಮುಂದಿನ ಬ್ರೇಕ್ ಹಿಡ್ದಿದಾರೆ. ಹೆಂಗಸ್ರಿಗೆ ಎಷ್ಟು ಹೇಳಿಕೊಟ್ರೂ ಅಷ್ಟೇ ಮಾರಾಯ್ರೆ. ಸೈಕಲ್ ಬರೂದಿಲ್ಲ ಅವರಿಗೆ."

ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದರು. ಆ ತಂದೆ ಮಾತ್ರ ನನ್ನ ಕೈಯ ಪಟ್ಟಿಯನ್ನು ನೋಡಿ ಮುಖ ತಿರುಗಿಸಿಕೊಂಡ. ನಾನು ಸೈಕಲ್ಲೆಲ್ಲಿ ಎಂದು ಕೇಳಿದೆ. ಮುರುಕು ಸಾಮಾನು ಇಟ್ಟುಕೊಂಡು ಏನು ಮಾಡುವುದು, ಗುಜರಿಯವನಿಗೆ ಹಾಕಿದೆ ಎಂದರು. ಎರಡೇ ದಿನಕ್ಕೆ ಹಾಕಿದ್ದರು! ನಾನು ಹೆಣೆದ ಚಕ್ರಗಳನ್ನೂ ಬಿಡಿಸಿಟ್ಟುಕೊಂಡಿರಲಿಲ್ಲ. ಬಾಯಿ ತೆರೆದರೆ ಅಳು ಬರುತ್ತದೆಂಬ ಭಯಕ್ಕೆ ಸುಮ್ಮನೆ ನಡೆದುಬಿಟ್ಟೆ. ಅಂದು ಅತ್ತಿದ್ದರೂ ಆಗುತ್ತಿತ್ತು. ಸುಮ್ಮನಾದದ್ದು ನಾನು ಮಾಡಿದ ತಪ್ಪು.

ಒಂದು ತಿಂಗಳು ಕಳೆದು, ಶಾಪಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹೋದೆ. ಬಿರುಕು ಗೊತ್ತಿತ್ತೇ ಎಂದು ನೇರವಾಗಿ ಕೇಳಿದೆ. ಬೆಸುಗೆ ಹಾಕಿಸಿದ್ದೆ, ನಿಲ್ಲುತ್ತದೆ ಅಂದುಕೊಂಡಿದ್ದೆ, ಹೇಳಿದರೆ ನೀವು ಬೇಡ ಅಂತಿದ್ದಿರಿ ಎಂದರು. ಅದನ್ನು ನಾನು ಕ್ಷಮಿಸಬಲ್ಲೆ, ನಿಜವಾಗಿಯೂ. ಫ್ರೇಮಿನ ಮೇಲೆ ಅವರಿಗಿದ್ದ ಆಸೆ ನನಗೂ ಇತ್ತು. ಆದರೆ ಜನರೆದುರು ಹಾಗೇಕೆ ಹೇಳಿದಿರಿ ಎಂದಾಗ ಅವರು ತಲೆ ಎತ್ತಲಿಲ್ಲ.

"ಊರಿನ ಅರ್ಧ ಸೈಕಲ್ಲು ನಾ ಕಟ್ಟಿದ್ದು. ಅಂಗಡಿ ನಡೀಬೇಕಲ್ಲ ನರ್ಸಮ್ಮ."

ತಂಗಿ ಎನ್ನಲಿಲ್ಲ. ಅವರ ಹೆಂಡತಿ ಒಳಗಿನಿಂದ ಕಾಫಿ ತಂದವರು ಬಾಗಿಲಲ್ಲೇ ನಿಂತಿದ್ದರು. ಕಾಫಿ ಕುಡಿಯದೆ ಬಂದೆ.

ಮತ್ತೆ ನಡೆಯತೊಡಗಿದೆ. ಕೆಲವು ಮನೆಗಳವರು ನನ್ನನ್ನು ಕರೆಯುವುದನ್ನೇ ಬಿಟ್ಟರು. ನಾನೇ ಬೇಡಿಕೊಂಡು ಹೊಸನಗರದ ಕಡೆಗೆ ವರ್ಗ ಮಾಡಿಸಿಕೊಂಡೆ, ಕೊನೆಗೆ ಸಾಗರಕ್ಕೆ ಬಂದು ನಿವೃತ್ತಳಾದೆ. ಮತ್ತೆಂದೂ ಸೈಕಲ್ ಮುಟ್ಟಲಿಲ್ಲ. ಯಾರಾದರೂ ಕೇಳಿದರೆ ನನಗೆ ಸೈಕಲ್ ಬರುವುದಿಲ್ಲ ಎಂದು ನಾನೇ ಹೇಳುತ್ತಿದ್ದೆ. ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು. ನನ್ನ ಬಾಯಲ್ಲೇ ಅವರ ಸುಳ್ಳು ಇಷ್ಟು ವರ್ಷ ಬಾಳಿತು.

ಹೋದ ವರ್ಷ ಅವರು ತೀರಿಕೊಂಡರೆಂದು ಆ ಕಡೆಯ ಪರಿಚಯದವರು ಹೇಳಿದರು. ದುಃಖವಾಯಿತು, ಸುಳ್ಳೇಕೆ ಹೇಳಲಿ. ಕಡ್ಡಿ ಹೆಣೆಯುವುದನ್ನು ಅಷ್ಟು ತಾಳ್ಮೆಯಿಂದ ಇನ್ಯಾರು ಕಲಿಸುತ್ತಿದ್ದರು?

ನಿನ್ನೆ ಬಿಪಿ ನೋಡಲು ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಸ್ಕೂಟರಿನಲ್ಲಿ ಬಂದಿದ್ದಳು. ಆಗೆಲ್ಲ ನೀವು ಹಳ್ಳಿಗಳಿಗೆ ನಡೆದೇ ಹೋಗುತ್ತಿದ್ದಿರಾ ಎಂದು ಕೇಳಿದಳು. ಎರಡು ವರ್ಷ ಸೈಕಲ್ಲಿನಲ್ಲಿ ಹೋದೆ, ಚೆನ್ನಾಗಿ ಓಡಿಸುತ್ತಿದ್ದೆ ಎಂದೆ. ಆ ಗುಡ್ಡಗಳಲ್ಲಾ ಎಂದು ಅವಳು ನಕ್ಕಳು. ನಂಬಿದ ಹಾಗೆ ಕಾಣಲಿಲ್ಲ. ಹೌದೆಂದು ಹೇಳಬೇಕಾಗಿದ್ದವರು ಒಬ್ಬರೇ, ಆ ಅಣ್ಣ; ಅವರು ಹೇಳದೆಯೇ ಹೋದರು.